ಕಾಯಿ ಒಡೆಯುವ ಗುಂಡು

೨೦೧೬ರಲ್ಲಿ ನಾನು ಯಾರ್ಕ್‌ಷೈರ್ ಸೀಮೆಯ ಹಡರ್ಸ್‌ಫೀಲ್ಡ್ ಊರಿನ ಒಂದು ಸರ್ಜರಿಯಲ್ಲಿ ಜಿಪಿ, ಎಂದರೆ ಸಾಮಾನ್ಯ ವೈದ್ಯೆ, ಆಗಿದ್ದೆ. ಸರ್ಜರಿ ಎಂದ ಕೂಡಲೇ ಕತ್ತರಿ, ಹೊಲಿಗೆ ಎಂದು ತಿಳಿಯಬೇಡಿ. ಇಂಗ್ಲೆಂಡಿನಲ್ಲಿ ಬಡಾವಣೆಯ ದವಾಖಾನೆಗೇ ಆ ಹೆಸರು. ನೆಗಡಿಯಿಂದ ಹಿಡಿದು ನಿದ್ರೆ ಬಾರದ ಚಿಂತೆಯವರೆಗೆ ಏನೇ ಇದ್ದರೂ ಜನ ಮೊದಲು ಬರುವುದು ಅಲ್ಲಿಗೆ. ಒಬ್ಬ ರೋಗಿಗೆ ಹತ್ತು ನಿಮಿಷ. ಆ ಹೊತ್ತಿಗೆ ನಾನು ಈ ದೇಶಕ್ಕೆ ಬಂದು ಹತ್ತೊಂಬತ್ತು ವರ್ಷವಾಗಿತ್ತು. 'ಹೆದರಬೇಡಿ' ಎಂಬ ಮಾತನ್ನು ಎಷ್ಟು ಸಾವಿರ ಸಲ ಹೇಳಿದ್ದೆನೋ ಶಿವನೇ ಬಲ್ಲ. ಔಷಧಿ ಚೀಟಿಗಿಂತ ಸುಲಭವಾಗಿ ಅದನ್ನು ಕೊಡುತ್ತಿದ್ದೆ. ಈಗ ನಿವೃತ್ತಳಾಗಿದ್ದೇನೆ. ಆದರೂ ತೆಂಗಿನಕಾಯಿ ಒಡೆಯುವ ಸದ್ದು ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಯಾಕೆಂದು ಹೇಳುತ್ತೇನೆ.

ಆ ವರ್ಷದ ಮಾರ್ಚ್‌ನಲ್ಲಿ ಒಬ್ಬ ಹೊಸ ರೋಗಿ ಬಂದರು. ಅವರನ್ನು ಯೂಸುಫ್ ಎಂದು ಕರೆಯುತ್ತೇನೆ, ನಿಜವಾದ ಹೆಸರು ಅದಲ್ಲ. ಅವರ ದೇಶದ ಹೆಸರನ್ನೂ ಹೇಳುವುದಿಲ್ಲ. ಅಲ್ಲಿ ಅಂತರ್ಯುದ್ಧ ನಡೆದಿತ್ತು, ಅವರು ಆಶ್ರಯ ಕೇಳಿ ಇಲ್ಲಿಗೆ ಬಂದಿದ್ದರು ಎಂದರೆ ಸಾಕು. ವಯಸ್ಸು ಐವತ್ತೆರಡು. ಎತ್ತರದ ಆಳು. ದಾನ ಬಂದ ಅಂಗಿಯನ್ನೂ ಇಸ್ತ್ರಿ ಮಾಡಿಯೇ ತೊಡುತ್ತಿದ್ದರು. ಒಳಗೆ ಬಂದವರು ಕುರ್ಚಿಯನ್ನು ಬಾಗಿಲ ಹತ್ತಿರಕ್ಕೆ ಎಳೆದುಕೊಂಡು, ಮೊದಲು ಕೇಳಿದ್ದು ಕೋಣೆ ಬೆಚ್ಚಗಿಡುವ ಗೋಡೆಯ ರೇಡಿಯೇಟರ್ ಆರಿಸಬಹುದೇ ಎಂದು. ಯಾರ್ಕ್‌ಷೈರ್‌ನ ಮಾರ್ಚ್ ತಿಂಗಳ ಕೊರೆಯುವ ಚಳಿಯಲ್ಲಿ!

ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಹೀಗಾಗಿ ಫೋನ್ ಮೂಲಕ ಇಂಟರ್‌ಪ್ರಿಟರ್ ಇರುತ್ತಿದ್ದರು. ಎಲ್ಲೋ ದೂರದ ಊರಿನಲ್ಲಿ ಕೂತ ಒಬ್ಬ ಹೆಂಗಸು. ನಾನು ಮೇಜಿನ ಮೇಲಿನ ಫೋನಿನ ಸ್ಪೀಕರ್ ಹಾಕುತ್ತಿದ್ದೆ, ಅವರು ಮಾತನ್ನು ಆಚೆಗೂ ಈಚೆಗೂ ಸಾಗಿಸುತ್ತಿದ್ದರು. ಈ ಕೆಲಸದಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿದೆ. ರೋಗಿ 'ನಾನು' ಎಂದರೆ ಇಂಟರ್‌ಪ್ರಿಟರ್ ಕೂಡ 'ನಾನು' ಎಂದೇ ಹೇಳಬೇಕು, ತನ್ನದೊಂದು ಮಾತೂ ಸೇರಿಸಬಾರದು. ಆ ಹೆಂಗಸಿನ ದನಿ ರೈಲ್ವೆ ಸ್ಟೇಷನ್ನಿನ ಪ್ರಕಟಣೆಯ ಹಾಗೆ ಸಪಾಟಾಗಿರುತ್ತಿತ್ತು. ಯೂಸುಫರ ಜೀವನವನ್ನೆಲ್ಲ ನಾನು ಕೇಳಿದ್ದು ಆ ದನಿಯಲ್ಲಿಯೇ.

"ನಾನು ಆರ್ಡ್ನೆನ್ಸ್ ಆಫೀಸರ್ ಆಗಿದ್ದೆ," ಎಂದಿತು ಫೋನು. ಸೈನ್ಯದ ಮದ್ದುಗುಂಡನ್ನು ಕೂಡಿಡುವ, ಪರೀಕ್ಷಿಸುವ, ಬೇಕಾದವರಿಗೆ ಕೊಡುವ ಅಧಿಕಾರಿ. "ನಾನು ಒಂದು ಗುಂಡೂ ಹಾರಿಸಿದವನಲ್ಲ ಡಾಕ್ಟರ್. ಕಾಯುವವನು. ಹಳೆಯ ಮದ್ದು ಬಿಸಿಗೆ ಬೆವರುತ್ತದೆ. ಬೆವರಿದ್ದು ಯಾವಾಗ ಸಿಡಿಯುತ್ತದೆಂದು ಹೇಳಲಾಗದು. ಅದಕ್ಕೆ ಹೆದರುವುದೇ ನನ್ನ ಕೆಲಸ."

ಮುಂದಿನ ತಿಂಗಳುಗಳಲ್ಲಿ ಹತ್ತು ಹತ್ತು ನಿಮಿಷದ ತುಣುಕುಗಳಾಗಿ ಉಳಿದದ್ದು ಬಂತು. ಯುದ್ಧ ಶುರುವಾದಾಗ ಅವರ ಕೈಕೆಳಗಿನ ಅರ್ಧ ಜನ ಎದುರಾಳಿಗಳ ಕಡೆಗೆ ಹೋದರು, ಹೋಗುವಾಗ ಲಾರಿಗಟ್ಟಲೆ ಮದ್ದನ್ನೂ ಒಯ್ದರು. ಒಂದೇ ಉಗ್ರಾಣದ ಶೆಲ್ಲುಗಳು ಎರಡೂ ಕಡೆಯಿಂದ ಹಾರತೊಡಗಿದವು. ಒಂದು ದಿನ ಒಂದು ಶೆಲ್ಲು ಅವರದೇ ಬೀದಿಯ ಮೇಲೆ ಬಿತ್ತು. ಯೂಸುಫ್ ಮನೆಯ ಮುಂದೆ ಬಿದ್ದಿದ್ದ ಲೋಹದ ಚೂರನ್ನು ತಿರುಗಿಸಿ ನೋಡಿದರೆ ಅದರ ಮೇಲಿನ ನಂಬರು ಅವರೇ ಕೈಯಾರೆ ರಿಜಿಸ್ಟರಿನಲ್ಲಿ ಬರೆದದ್ದು. ಇದನ್ನು ಹೇಳುವಾಗಲೂ ಫೋನಿನ ದನಿ ಸಪಾಟಾಗಿಯೇ ಇತ್ತು. ಯೂಸುಫರ ಕೈಗಳು ಮಾತ್ರ ತೊಡೆಯ ಮೇಲೆ ಗಡಗಡ ನಡುಗುತ್ತಿದ್ದವು.

ಜುಲೈನಲ್ಲಿ ಕಮಾಂಡರನ ಕತೆ ಹೇಳಿದರು. ಹೊಸ ಮಾಲು ಇಳಿಸಲು ಜಾಗವಿಲ್ಲವೆಂದು ಆತ ಹಳೆಯ ಪೆಟ್ಟಿಗೆಗಳನ್ನು ಅಂಗಳದ ಬಿಸಿಲಿಗೆ ಹಾಕಿಸಿದ್ದ. ಯೂಸುಫ್ ಮೂರು ಸಲ ಕಾಗದ ಬರೆದರು, ಕಡೆಗೆ ತಾವೇ ಹೋಗಿ ಬೇಡಿಕೊಂಡರು. ಕಮಾಂಡರ್ ಎಲ್ಲರೆದುರು ಒಂದು ಶೆಲ್ಲನ್ನು ಎತ್ತಿ, ಬೆರಳಿನಿಂದ ಟಣಟಣ ತಟ್ಟಿ, "ನೋಡು, ಏನಾಯಿತು? ಏನೂ ಆಗಲಿಲ್ಲ" ಎಂದನಂತೆ. ಜನ ನಕ್ಕರಂತೆ. ಕೆಳಗಿಡಿ ಎಂದು ಯೂಸುಫ್ ಎಷ್ಟು ಕೇಳಿಕೊಂಡರೂ ಇಡಲಿಲ್ಲವಂತೆ. ಮರುದಿನ ಮಧ್ಯಾಹ್ನ ಆ ಅಂಗಳ ಹಾರಿಹೋಯಿತು. ಕಮಾಂಡರನೂ ಸೇರಿ ಒಂಬತ್ತು ಜನ.

ನಾನು ಕೇಳಿದೆ, ಮರುಗಿದೆ, ಗಡಿಯಾರ ನೋಡಿದೆ. ಅವರ ದಾಖಲೆಯಲ್ಲಿ ಹೀಗೆ ಬರೆದೆ: 'ಯುದ್ಧದ ಆಘಾತ. ಸುತ್ತಲಿನ ಮಾಮೂಲಿ ವಸ್ತುಗಳ ಬಗ್ಗೆ ಕಾರಣವಿಲ್ಲದ ಭಯ.' ಕಾರಣವಿಲ್ಲದ ಎಂಬ ಪದ ನನ್ನದೇ. ಅವರು ಒಂದೇ ಮನೆಯಲ್ಲಿದ್ದ ಜೊತೆಯವರ ನೀರು ಕಾಯಿಸುವ ಕೆಟಲ್ ಪ್ಲಗ್ ಕೀಳುತ್ತಿದ್ದರು, ಗ್ಯಾಸ್ ಒಲೆಯ ಕಿವಿಗಳನ್ನು ಮತ್ತೆ ಮತ್ತೆ ತಿರುಗಿಸಿ ನೋಡುತ್ತಿದ್ದರು. ಹಡರ್ಸ್‌ಫೀಲ್ಡ್‌ನಂಥ ತಣ್ಣನೆಯ ಊರಿನಲ್ಲಿ ಹೆದರಲು ಏನಿದೆ ಎಂಬುದು ನನ್ನ ಎಣಿಕೆ. ಭಯ ಬಂದಾಗ ಉಸಿರಾಡುವ ಬಗೆಯನ್ನು ಇಂಗ್ಲಿಷಿನಲ್ಲೇ ಕಲಿಸಿದೆ. "ಇನ್, ಹೋಲ್ಡ್, ಔಟ್." ವಿಧೇಯ ವಿದ್ಯಾರ್ಥಿಯ ಹಾಗೆ ಹೇಳಿಕೊಂಡು ಹೋದರು.

ಇನ್ನು ನಮ್ಮ ಮನೆಯ ಮಾತು. ನಾವು ಗದಗಿನ ಕಡೆಯವರು. ಗಂಡ ಶಿವಾನಂದ ಲೀಡ್ಸಿನಲ್ಲಿ ಇಂಜಿನಿಯರು. ಅತ್ತೆ ನೀಲವ್ವ ಹಿಂದಿನ ವರ್ಷ ಬಂದು ನಮ್ಮ ಜೊತೆಗೇ ನಿಂತಿದ್ದರು. ಬಂದ ವಾರವೇ ತಕರಾರು ಶುರು.

"ಅಯ್ಯ ಶಿವನ, ಇಷ್ಟ ದೊಡ್ಡ ಮನ್ಯಾಗ ಒಂದು ಕಾಯಿ ಒಡ್ಯಾಕ ಕಲ್ಲಿಲ್ಲಂದ್ರ ಹ್ಯಾಂಗವಾ? ಕಾರ್ಪೆಟ್ ಮ್ಯಾಲ ಒಡೀಲೇನು?"

ಮಾತು ನಿಜ. ಒಳಗೆಲ್ಲ ಕಾರ್ಪೆಟ್, ಹಿತ್ತಿಲ ಬಾಗಿಲಾಚೆ ಮರದ ಹಲಗೆ, ಅದರಾಚೆ ಬರೀ ಮಣ್ಣು. ಅತ್ತೆಗೆ ಪ್ರತಿ ಸೋಮವಾರ ಕಾಯಿ ಒಡೆಯಲೇಬೇಕು. ಬಂದ ವರ್ಷದ ನವೆಂಬರಿನಲ್ಲಿ ಮೆಂತ್ಯದ ಮಡಿ ಮಾಡುತ್ತೇನೆಂದು ಹಿತ್ತಿಲು ಅಗೆದಾಗ ಅವರಿಗೊಂದು ಕಬ್ಬಿಣದ ಗುಂಡು ಸಿಕ್ಕಿತು. ತಂಬಿಗೆಗಿಂತ ಉದ್ದ, ನಡು ದಪ್ಪ, ಒಂದು ತುದಿ ಮೊಂಡು, ಮೈಯೆಲ್ಲ ತುಕ್ಕು ಮತ್ತು ಮಣ್ಣು. ನಾಲ್ಕು ಕಿಲೋ ತೂಕವಿದ್ದೀತು. ಹಳೇ ಬಟ್ಟೆ ಗಿರಣಿಯ ಯಂತ್ರದ ತುಂಡೆಂದು ನನ್ನ ಇಂಜಿನಿಯರ್ ಗಂಡ ತೀರ್ಪು ಕೊಟ್ಟರು. ಹಡರ್ಸ್‌ಫೀಲ್ಡ್‌ನಲ್ಲಿ ಎಲ್ಲಿ ಅಗೆದರೂ ಗಿರಣಿಯದೇ ಏನಾದರೊಂದು ಸಿಗುತ್ತದೆ, ನಾನೂ ಹೂಂ ಎಂದೆ. ಅತ್ತೆ ಅದನ್ನು ಹಿತ್ತಿಲ ಬಾಗಿಲಲ್ಲಿ ಅಡ್ಡ ಮಲಗಿಸಿದರು. ಅಂದಿನಿಂದ ಅದು ಕಾಯಿ ಒಡೆಯುವ ಗುಂಡು. ಹನ್ನೊಂದು ತಿಂಗಳು, ಒಂದು ಸೋಮವಾರವೂ ತಪ್ಪಲಿಲ್ಲ.

ಅಕ್ಟೋಬರಿನಲ್ಲಿ ಮಹಾನವಮಿ ಬಂತು. ಆಯುಧಪೂಜೆಗೆ ನಮ್ಮ ಕಡೆ ಖಂಡೇಪೂಜೆ ಎನ್ನುತ್ತಾರೆ. ಅನ್ನ ಕೊಡುವ ಉಪಕರಣವನ್ನು ತೊಳೆದು ಬೆಳಗಿ ಪೂಜಿಸುವ ದಿನ. ನಾನು ಪ್ರತಿ ವರ್ಷ ಸರ್ಜರಿ ತೆರೆಯುವ ಮುಂಚೆ ನನ್ನ ಕೋಣೆಯಲ್ಲಿ ಸ್ಟೆತಸ್ಕೋಪಿಗೆ, ಬಿಪಿ ಯಂತ್ರಕ್ಕೆ, ಕಂಪ್ಯೂಟರಿಗೆ ಕುಂಕುಮ ಇಟ್ಟು, ಕಾಯಿಯನ್ನು ಕಾರ್ ಪಾರ್ಕಿನ ಕಟ್ಟೆಗೆ ಒಡೆಯುತ್ತಿದ್ದೆ. ಹಿಂದಿನ ವರ್ಷ ಆ ನೀರಿನ ಮೇಲೆ ಯಾರೋ ಜಾರಿದ್ದರು. ರಿಸೆಪ್ಷನಿಸ್ಟ್ ಲಿಂಡಾ "ಈ ಸಲ ಒಳಗೇ ಒಡೆದುಬಿಡು, ಲವ್" ಎಂದಿದ್ದಳು. ಅವಳಿಗೆ ಲವ್ ಎಂದರೆ ನಮ್ಮ ಅವ್ವ, ಅಕ್ಕ ಇದ್ದ ಹಾಗೆ, ಪೋಸ್ಟ್‌ಮನ್ನಿಗೂ ಅದನ್ನೇ ಅನ್ನುತ್ತಾಳೆ.

"ಗುಂಡು ಒಯ್ಯಿ. ಖಂಡೇಪೂಜಿಗೆ ಕಬ್ಬಿಣ ಹೊಲಸಿರಬಾರದು. ಶಿವ್ಯಾ, ಚಂದಂಗ ತಿಕ್ಕಿ ಕೊಡು," ಎಂದರು ಅತ್ತೆ. ಭಾನುವಾರ ಸಂಜೆ ಗಂಡ ಗ್ಯಾರೇಜಿನಲ್ಲಿ ಕೂತು ತಂತಿಯ ಬ್ರಷ್ಷಿನಿಂದ ಅದನ್ನು ಗಸಗಸ ಉಜ್ಜಿದರು. ಮೊಂಡು ತುದಿಯಲ್ಲಿ ಹಿತ್ತಾಳೆಯ ಬಳೆ ಹೊಳೆಯಿತು. "ಅರೆ, ಚಲೋ ಮಾಲು!" ಎಂದು ಇನ್ನೂ ಉಜ್ಜಿದರು.

ಸೋಮವಾರ ಬೆಳಿಗ್ಗೆ ಏಳೂಮುಕ್ಕಾಲಿಗೆ ಪೂಜೆ ಮಾಡಿದೆ. ಗುಂಡನ್ನು ಟವೆಲ್ಲಿನ ಮೇಲೆ ಮಲಗಿಸಿ, ಅದಕ್ಕೆ ಕಾಯಿ ಒಡೆದೆ. ಆರತಿ ತಟ್ಟೆ ಮನೆಯಲ್ಲೇ ಮರೆತಿದ್ದೆ. ಸ್ಮೋಕ್ ಅಲಾರಂ ಕೂಗೀತೆಂದು ಕಿಟಕಿ ತೆರೆದು, ಗುಂಡಿನ ಮೇಲೆಯೇ ಒಂದು ಬಿಲ್ಲೆ ಕರ್ಪೂರ ಇಟ್ಟು ಹಚ್ಚಿದೆ. ಹೌದು, ನಾನೇ. ಎಂಬಿಬಿಎಸ್ ಓದಿದವಳು. ಆಮೇಲೆ ಅದನ್ನು ರೇಡಿಯೇಟರಿನ ಬುಡಕ್ಕೆ ಸರಿಸಿ ಕೆಲಸಕ್ಕೆ ಕೂತೆ. ಹೊರಗೆ ಕೂಸುಗಳಿಗೆ ಲಸಿಕೆ ಹಾಕುವ ದಿನ. ತಳ್ಳುಗಾಡಿಗಳು, ತಾಯಂದಿರು, ಮುದುಕರು, ಕಾಲಿಡಲು ಜಾಗವಿಲ್ಲ.

ಒಂಬತ್ತೂ ಇಪ್ಪತ್ತಕ್ಕೆ ಯೂಸುಫರ ಸರದಿ. ಫೋನು ಹಾಕಿ, ಇಂಟರ್‌ಪ್ರಿಟರ್ ಸಿಕ್ಕ ಮೇಲೆ ಒಳಗೆ ಕರೆದೆ. ಬಂದವರು ಕುರ್ಚಿ ಎಳೆಯಲಿಲ್ಲ. ರೇಡಿಯೇಟರಿನ ಬುಡ ನೋಡುತ್ತ ನಿಂತರು. ಮುಖ ಬೂದಿಯಾಯಿತು. ತಗ್ಗಿದ ದನಿಯಲ್ಲಿ ಏನೋ ಕೇಳಿದರು.

"ಇದು ಇಲ್ಲಿಗೆ ಹೇಗೆ ಬಂತು?" ಎಂದಿತು ಫೋನು.

"ಅದಾ? ನಮ್ಮ ಪೂಜೆಯದು. ಬರೀ ಕಬ್ಬಿಣ. ಹೆದರಬೇಡಿ."

ಅವರು ಒಂದು ಹೆಜ್ಜೆ ಮುಂದಿಟ್ಟು ಕೈ ಚಾಚಿದರು. ಮತ್ತೆ ಶುರುವಾಯಿತು ಈ ಮನುಷ್ಯನದು ಅಂದುಕೊಂಡೆ, ಸುಳ್ಳು ಯಾಕೆ ಹೇಳಲಿ. ಹೆದರಿದವನ ಎದುರಿಗೆ ಹೆದರಿಕೆಯ ವಸ್ತುವನ್ನು ಮುಟ್ಟಿ ತೋರಿಸಬೇಕು ಎಂದು ಯಾವುದೋ ತರಬೇತಿಯಲ್ಲಿ ಕಲಿತಿದ್ದೆ. ಬಾಗಿದೆ. ಎರಡೂ ಕೈಯಿಂದ ಗುಂಡನ್ನು ಎತ್ತಿ ಎದೆಗೆ ಆನಿಸಿಕೊಂಡು, ಬೆರಳ ಗೆಣ್ಣಿನಿಂದ ಟಣಟಣ ತಟ್ಟಿದೆ.

"ನೋಡಿ, ಏನಾಯಿತು? ಏನೂ ಆಗಲಿಲ್ಲ."

ಮಾತು ಬಾಯಿಂದ ಬಿದ್ದದ್ದೇ ತಡ, ಅದನ್ನು ಎಲ್ಲಿ ಕೇಳಿದ್ದೆನೆಂದು ನೆನಪಾಯಿತು. ಯೂಸುಫರ ಮುಖ ನೋಡಿದೆ. ಅದು ರೋಗಿಯ ಮುಖವಾಗಿರಲಿಲ್ಲ. ಆಪರೇಷನ್ ಟೇಬಲ್ಲಿನ ಮುಂದೆ ನಿಂತ ಹಿರಿಯ ಸರ್ಜನ್ನಿನ ಮುಖ.

"ಡಾಕ್ಟರ್, ಅಲುಗಬೇಡಿ," ಎಂದಿತು ಫೋನು, ಅದೇ ಸಪಾಟು ದನಿಯಲ್ಲಿ. "ಅದು ಮೋರ್ಟರ್ ಬಾಂಬು. ಬಾಲ ಮುರಿದುಹೋಗಿದೆ. ಹಿತ್ತಾಳೆ ಇರುವುದು ಮೂಗು, ಸಿಡಿಸುವ ಫ್ಯೂಸ್ ಅದರಲ್ಲೇ ಇದೆ. ಮೂಗನ್ನು ಕೆಳಗೆ ಮಾಡಬೇಡಿ. ಬೀಳಿಸಬೇಡಿ. ನಾನು ನಿಮ್ಮ ಹತ್ತಿರ ಬರುತ್ತಿದ್ದೇನೆ."

ಆಮೇಲೆ ಅದೇ ಫೋನಿನಿಂದ ಬೇರೆಯದೇ ಒಂದು ದನಿ: "ಡಾಕ್ಟರ್, ಇದು ನಾನು... ಇಂಟರ್‌ಪ್ರಿಟರ್. ನೀವು... ನಿಮ್ಮ ಕೈಯಲ್ಲಿ..." ಏಳು ತಿಂಗಳಲ್ಲಿ ಮೊದಲ ಸಲ ಆಕೆ ನಿಯಮ ಮುರಿದಿದ್ದಳು.

ಭಯ ಎಂದರೆ ಏನೆಂದು ನನಗೆ ಗೊತ್ತಿದೆ ಎಂದುಕೊಂಡಿದ್ದೆ. ಏನೂ ಗೊತ್ತಿರಲಿಲ್ಲ. ಬಾಯಲ್ಲಿ ತಾಮ್ರದ ರುಚಿ. ಗೋಡೆಯ ಆಚೆ ಒಂದು ಕೂಸು ಕಿಟಾರನೆ ಅತ್ತಿತು, ನನ್ನ ಕೈಗಳು ಜಿಗಿದವು. ನಾಲ್ಕು ಕಿಲೋ ಹತ್ತು ಕಿಲೋ ಆಯಿತು. ಅದನ್ನು ಬಿಸಾಕಿ ಓಡಬೇಕೆಂದು ಮೈಯೆಲ್ಲ ಕೂಗುತ್ತಿತ್ತು. ಶಿವಾನಂದ, ಅತ್ತೆ, ಶಾಲೆಗೆ ಹೋದ ಮಗಳು ಎಲ್ಲ ಕಣ್ಣ ಮುಂದೆ ಬಂದು ಹೋದರು. ಶಿವಾ ಶಿವಾ ಎನ್ನುವುದೊಂದೇ ಉಳಿದಿತ್ತು.

ಯೂಸುಫ್ ಬಾಗಿಲ ಕಡೆ ಓಡಬಹುದಿತ್ತು. ಬದಲಿಗೆ ಪರೀಕ್ಷೆಯ ಮಂಚದ ದಿಂಬು ತೆಗೆದು, ರೇಡಿಯೇಟರಿನಿಂದ ದೂರದ ಮೂಲೆಯಲ್ಲಿ ಇಟ್ಟು, ನನ್ನ ಕೋಟನ್ನು ಅದರ ಸುತ್ತ ಗೂಡಿನ ಹಾಗೆ ಸುತ್ತಿದರು. ಎದುರು ಬಂದು ನಿಂತು ತಮ್ಮ ಅಂಗೈಗಳನ್ನು ನನ್ನ ಕೈಗಳ ಕೆಳಗೆ ಕೊಟ್ಟರು. ಸದಾ ನಡುಗುತ್ತಿದ್ದ ಆ ಕೈಗಳು ಆಗ ನಡುಗಲಿಲ್ಲ. ಫೋನನ್ನು ಕಾಯದೆ ತಾವೇ ಇಂಗ್ಲಿಷಿನಲ್ಲಿ ಹೇಳಿದರು.

"ಇನ್. ಹೋಲ್ಡ್. ಔಟ್."

ನಾನು ಕಲಿಸಿದ ಮೂರು ಪದ. ಒಂದು ಔಟ್‌ಗೆ ಒಂದಿಂಚಿನ ಹಾಗೆ ಇಬ್ಬರೂ ಕುಗ್ಗುತ್ತ, ಕೂರುತ್ತ, ಅದನ್ನು ಅಡ್ಡಲಾಗಿ ದಿಂಬಿನ ಮೇಲೆ ಇಳಿಸಿದೆವು. ಅದಕ್ಕೆ ಎಷ್ಟು ಹೊತ್ತಾಯಿತೋ ತಿಳಿಯದು. ಇಂಟರ್‌ಪ್ರಿಟರ್ ಆಮೇಲೆ ಹೇಳಿದ ಪ್ರಕಾರ ನಾಲ್ಕು ನಿಮಿಷ. ಕೈ ಬಿಟ್ಟ ಮೇಲೆ ನನ್ನ ಬೆರಳುಗಳು ಬಿಚ್ಚಿಕೊಳ್ಳಲಿಲ್ಲ. ಯೂಸುಫರೇ ಒಂದೊಂದಾಗಿ ಬಿಡಿಸಿದರು.

ಫೈರ್ ಅಲಾರಂ ಒತ್ತಿದರೆ ಜನ ಓಡುತ್ತಾರೆ, ಬಾಗಿಲುಗಳು ಬಡಿಯುತ್ತವೆ, ಬೇಡ ಎಂದು ಅವರು ಫೋನಿನ ಮೂಲಕ ಹೇಳಿದರು. ನಾನು ಮೆಲ್ಲಗೆ ಹೊರಗೆ ಬಂದು ಲಿಂಡಾಳ ಕಿವಿಯಲ್ಲಿ ಎಲ್ಲರನ್ನೂ ಹೊರಗೆ ಕಳಿಸು ಎಂದೆ.

"ಫೈರ್ ಡ್ರಿಲ್ಲಾ, ಲವ್?"

"ಡ್ರಿಲ್ ಅಲ್ಲ."

ಅವಳು ನನ್ನ ಮುಖ ನೋಡಿದಳು, ಮತ್ತೇನೂ ಕೇಳಲಿಲ್ಲ. ಆ ಹೆಂಗಸಿಗೆ ನಾನು ಸಾಯುವತನಕ ಋಣಿ. ತಳ್ಳುಗಾಡಿಗಳು ಒಂದೊಂದಾಗಿ ಹೊರಟವು. ಒಬ್ಬ ಅಜ್ಜ ಮಾತ್ರ ಕುರ್ಚಿ ಬಿಡಲೊಲ್ಲ. "ನನ್ನ ಅಪಾಯಿಂಟ್‌ಮೆಂಟ್ ಒಂಬತ್ತೂವರೆಗೆ. ಮೂರು ವಾರ ಕಾದಿದ್ದೇನೆ. ಎದ್ದರೆ ಸರದಿ ಹೋಗುತ್ತದೆ." ಯೂಸುಫ್ ಅಜ್ಜನ ತೋಳಿಗೆ ತೋಳು ಕೊಟ್ಟು, ಮದುವೆ ಮನೆಯ ಹಿರಿಯರನ್ನು ಕರೆದೊಯ್ಯುವ ಹಾಗೆ ಹೊರಗೆ ನಡೆಸಿದರು. ಎಲ್ಲರೂ ಹೋದ ಮೇಲೆ ಬಾಗಿಲನ್ನು ಸದ್ದಾಗದಂತೆ ಮುಚ್ಚಿ ಕಡೆಯದಾಗಿ ಬಂದವರೂ ಅವರೇ.

ಪೊಲೀಸರು ಬೀದಿಗೆ ಟೇಪು ಕಟ್ಟಿದರು. ಒಂದು ಗಂಟೆಯ ಮೇಲೆ ಸೈನ್ಯದ ಬಾಂಬ್ ನಿಷ್ಕ್ರಿಯ ದಳ ಬಂತು. ಅದರ ಮುಖ್ಯಸ್ಥೆ, ಮೂವತ್ತರ ಆಸುಪಾಸಿನ ಕ್ಯಾಪ್ಟನ್, ನೋಟ್‌ಬುಕ್ ಹಿಡಿದು ಕೇಳಿದಳು.

"ಈ ವಸ್ತುವಿಗೆ ಪೆಟ್ಟು ಏನಾದರೂ ಬಿದ್ದಿದೆಯೇ?"

"ಪ್ರತಿ ಸೋಮವಾರ."

"ಯಾವುದರಿಂದ?"

"ತೆಂಗಿನಕಾಯಿಯಿಂದ."

ಅವಳ ಪೆನ್ನು ನಿಂತಿತು. "ಬಿಸಿ ತಾಗಿದೆಯೇ?" ಕರ್ಪೂರದ ವಿಷಯ ಹೇಳಿದೆ. ತಂತಿಯ ಬ್ರಷ್ಷಿನ ವಿಷಯವನ್ನೂ ಹೇಳಿದೆ. ಅವಳು ಬರೆಯುವುದನ್ನೇ ಬಿಟ್ಟು, "ಅದನ್ನು ಅಡ್ಡ ಮಲಗಿಸಿ ಇಡಲು ಹೇಳಿದವರು ಯಾರು?" ಎಂದಳು. ತೋರಿಸಿದೆ. ಅವಳು ಯೂಸುಫರ ಹತ್ತಿರ ಹೋದಳು. ಇಬ್ಬರೂ ಪೊಲೀಸ್ ಕಾರಿನ ಬಾನೆಟ್ ಮೇಲೆ ಕಾಗದ ಹರವಿ, ಚಿತ್ರ ಬರೆದು, ನಂಬರು ಬರೆದು, ಭಾಷೆಯ ಹಂಗಿಲ್ಲದೆ ಮಾತಾಡಿಕೊಂಡರು. ಈ ದೇಶಕ್ಕೆ ಬಂದ ಮೇಲೆ ಅವರ ಅಭಿಪ್ರಾಯವನ್ನು ಯಾರಾದರೂ ಕೇಳಿದ್ದು ಅದೇ ಮೊದಲು.

ಮನೆಯ ಹಿತ್ತಿಲನ್ನೂ ಶೋಧಿಸಿದರು. ಬೇರೇನೂ ಸಿಗಲಿಲ್ಲ. ಯಾರೋ ಹಳೆಯ ಯುದ್ಧದಿಂದ ನೆನಪಿಗೆಂದು ತಂದು, ಆಮೇಲೆ ಹೆದರಿ ಹೂತಿರಬೇಕು ಎಂದಳು ಕ್ಯಾಪ್ಟನ್. ಮಧ್ಯಾಹ್ನ ಗುಂಡನ್ನು ಊರಾಚೆಯ ಗುಡ್ಡದ ಮೇಲಕ್ಕೆ ಒಯ್ದರು. ಎರಡೂವರೆಗೆ ಧಡ್ ಎಂಬ ಸದ್ದು ಕಣಿವೆಯನ್ನು ದಾಟಿ ಬಂತು. ಪಾರಿವಾಳಗಳು ಎದ್ದವು. ಖಾಲಿ ಕಬ್ಬಿಣ ಹಾಗೆ ಸದ್ದು ಮಾಡುವುದಿಲ್ಲ. ಅದು ಜೀವಂತವಾಗಿಯೇ ಇತ್ತು.

ಟೇಪಿನ ಈಚೆ ಒಂದು ಗೋಡೆಯ ಮೇಲೆ ನಾನು ಮತ್ತು ಯೂಸುಫ್ ಕೂತಿದ್ದೆವು. ಸದ್ದು ಕೇಳಿದ್ದೇ ಅವರ ಕೈಗಳು ಮತ್ತೆ ನಡುಗತೊಡಗಿದವು. ಅಳು ತಡೆಯಲಾಗಲಿಲ್ಲ. "ಕ್ಷಮಿಸಿ, ನಾನೂ ಆ ಕಮಾಂಡರನ ಹಾಗೆಯೇ ಮಾಡಿದೆ" ಎಂದೆ. ಇಂಟರ್‌ಪ್ರಿಟರ್ ಇರಲಿಲ್ಲ. ಅವರು ತಮ್ಮ ಬಳಿಯಿದ್ದ ನಾಲ್ಕು ಇಂಗ್ಲಿಷ್ ಪದಗಳನ್ನು ಹುಡುಕಿ ಜೋಡಿಸಿದರು.

"ನೋ, ಡಾಕ್ಟರ್. ಅವನು ಕೆಳಗೆ ಇಡಲಿಲ್ಲ. ನೀವು ಇಟ್ಟಿರಿ."

ಸಂಜೆ ಅತ್ತೆಗೆ ಎಲ್ಲ ಹೇಳಿದೆ. ಹನ್ನೊಂದು ತಿಂಗಳ ಸೋಮವಾರಗಳನ್ನು ಬೆರಳು ಮಡಚಿ ಎಣಿಸತೊಡಗಿದರು. ಶಿವಾನಂದ, "ದೇವರು ಕಾದಾನ ಬಿಡವ್ವಾ," ಎಂದರು. ಅತ್ತೆ ಸಿಟ್ಟಿನಿಂದ ತಿರುಗಿದರು. "ಯಾಕ ಎಲ್ಲಾ ದೇವರ ಮ್ಯಾಲ ಹಾಕ್ತೀಯೋ? ಕಾದಾವ ಆ ಮನುಷ್ಯಾ. ಅವಗ ಹೆದರಿಕಿ ಇತ್ತು, ನಮಗ ಇರಲಿಲ್ಲ. ಇರಬೇಕಾಗಿತ್ತು." ಮರುದಿನ ಡಬ್ಬಿ ತುಂಬ ಹೋಳಿಗೆ ಕಟ್ಟಿ ಕಳಿಸಿದರು. ಜಿಪಿ ರೋಗಿಗೆ ಊಟ ಕೊಡಬಾರದೆಂದು ಯಾವ ನಿಯಮದಲ್ಲಿ ಬರೆದಿದೆಯೋ, ನಾನಂತೂ ಹುಡುಕಲಿಲ್ಲ.

ಸರ್ಜರಿ ಮತ್ತೆ ತೆರೆದ ದಿನ ಯೂಸುಫರ ದಾಖಲೆ ತೆರೆದೆ. ವೈದ್ಯರ ದಾಖಲೆಯಲ್ಲಿ ಬರೆದದ್ದು ಅಳಿಯುವುದಿಲ್ಲ, ಕೆಳಗೆ ಹೊಸದನ್ನು ಸೇರಿಸಬಹುದು ಅಷ್ಟೆ. 'ಕಾರಣವಿಲ್ಲದ ಭಯ' ಎಂಬ ನನ್ನ ಪದಗಳು ಇವತ್ತಿಗೂ ಅಲ್ಲಿ ಹಾಗೆಯೇ ಇವೆ, ಅದು ನನಗೆ ತಕ್ಕ ಶಿಕ್ಷೆ. ಅದರ ಕೆಳಗೆ ದಿನಾಂಕ ಹಾಕಿ ಬರೆದೆ: 'ರೋಗಿ ಹೆದರಿದರು. ವೈದ್ಯೆ ನಂಬಲಿಲ್ಲ. ರೋಗಿ ಹೇಳಿದ್ದು ಸರಿಯಾಗಿತ್ತು.'

ಆಮೇಲೆ ಮೂರು ವರ್ಷ ಕೆಲಸ ಮಾಡಿದೆ. 'ಹೆದರಬೇಡಿ' ಎಂಬ ಮಾತನ್ನು ಮತ್ತೆ ಯಾರಿಗೂ ಹೇಳಲಿಲ್ಲ. ಹೆದರಿದವರು ಬಂದರೆ, ಅವರು ಎತ್ತ ನೋಡುತ್ತಿದ್ದಾರೋ ಮೊದಲು ನಾನೂ ಅತ್ತ ತಿರುಗಿ ನೋಡುತ್ತಿದ್ದೆ. ಕೈಯಲ್ಲಿ ಏನಾದರೂ ಹಿಡಿದಿದ್ದರೆ ಮೆಲ್ಲಗೆ ಕೆಳಗಿಡುತ್ತಿದ್ದೆ.